ಶನಿವಾರ ಆಡದೆ ಉಳಿದ ಮಾತು

ನಮ್ಮೂರಿನಲ್ಲಿ ಹತ್ತು ಜನ ಸೇರಿದ ಕಡೆ ಒಬ್ಬರೇ ನಿಂತು ಮಾತಾಡಿದರೆ ಕೇಳಿಸುವುದಿಲ್ಲ. ತುಟಿ ಆಡುತ್ತದೆ, ಗಂಟಲ ನರ ಉಬ್ಬುತ್ತದೆ, ಶಬ್ದ ಮಾತ್ರ ಹೊರಡುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ನಿಂತು ಅದೇ ಮಾತನ್ನು ಆಡಬೇಕು. ಬರೀ ಬಾಯಲ್ಲಿ ಆಡಿದರೂ ಸಾಲದು, ಇಬ್ಬರ ಮನಸ್ಸಿನಲ್ಲೂ ಆ ಮಾತು ಒಂದೇ ಆಗಿರಬೇಕು. ಸಂತೆಯಲ್ಲಿ ಸೊಪ್ಪು ಮಾರುವ ಗಂಡ ಹೆಂಡತಿ ಸೇರಿಯೇ ಕೂಗುತ್ತಾರೆ. ಅವರು ಜಗಳವಾಡಿಕೊಂಡ ದಿನ ಸೊಪ್ಪು ಬುಟ್ಟಿಯಲ್ಲೇ ಬಾಡುತ್ತದೆ. ಶಾಲೆಯಲ್ಲಿ ಮಗ್ಗಿ ಹೇಳಿಕೊಡಲು ಇಬ್ಬರು ಮೇಷ್ಟರು. ಎರಡೆರಡ್ಲಿ ನಾಲ್ಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲವಲ್ಲ, ಹಾಗಾಗಿ ಮಗ್ಗಿ ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತದೆ. ಪುರಸಭೆ ಅಧ್ಯಕ್ಷರ ಭಾಷಣ ಕೇಳಿಸದೆ ನಾಲ್ಕು ವರ್ಷವಾಯಿತು. ಅದರಿಂದ ಯಾರಿಗೂ ತೊಂದರೆಯಾದ ಹಾಗೆ ಕಾಣೆ.

ಕಷ್ಟ ಇರುವುದು ದೇವಾಲಯದಲ್ಲಿ. ಅಲ್ಲಿ ಆಡುವ ಮಾತು ಮಗ್ಗಿಯ ಹಾಗಲ್ಲ. ಪ್ರೀತಿ ಅಂದರೆ ನನಗೊಂದು, ನಮ್ಮ ಪಾದ್ರಿ ಅಯ್ಯನವರಿಗೊಂದು. ನಂಬಿಕೆ ಅಂದರೆ ಇನ್ನೂ ಬೇರೆ. ನಾನು ಲೋಯಿಸಮ್ಮ. ಇಪ್ಪತ್ತಾರು ವರ್ಷದಿಂದ ನಮ್ಮ ಸಭೆಯ ಜೊತೆದನಿ ನಾನೇ. ಅಯ್ಯನವರು ಪ್ರಸಂಗಪೀಠ ಹತ್ತಿದರೆ ಎಡಗಡೆ ನಾನು. ಅವರೇನು ಹೇಳುತ್ತಾರೋ ಅದನ್ನೇ, ಅದೇ ಉಸಿರಿನಲ್ಲಿ ನಾನೂ ಹೇಳಬೇಕು. ಅದಕ್ಕೇ ಶನಿವಾರ ಕೂರುವುದು ಅಂತ ಒಂದು ಪದ್ಧತಿ. ಬೆಳಗ್ಗೆ ತಿಂಡಿ ಮುಗಿಸಿ ಅಯ್ಯನವರ ಮನೆ ಅಡುಗೆಕೋಣೆಯಲ್ಲಿ ಎದುರುಬದುರು ಕೂತು, ಮಾರನೆಯ ದಿನದ ಒಂದೊಂದು ವಾಕ್ಯವನ್ನೂ ಇಬ್ಬರೂ ಒಪ್ಪುವವರೆಗೆ ಜಗ್ಗಾಡುವುದು. ಹಳೆಯ ಹನೋಕ್ ಅಯ್ಯನವರು ಇದ್ದಾಗ ನಾವಿಬ್ಬರೂ ಕಿತ್ತಾಡಿದ್ದೇ ಕಿತ್ತಾಡಿದ್ದು. ಒಂದು ಸಲ ನಾನು ಸಿಟ್ಟಿನಲ್ಲಿ ಕಾಫಿ ಬಿಟ್ಟು ಎದ್ದು ಹೋಗಿ, ಬೀದಿಯ ತುದಿಯಿಂದ ವಾಪಸು ಬಂದಿದ್ದೆ. ಆದರೆ ಭಾನುವಾರ ನಮ್ಮ ದನಿ ಕಟ್ಟಕಡೆಯ ಬೆಂಚಿಗೂ ಮುಟ್ಟುತ್ತಿತ್ತು.

ಅವರು ನಿವೃತ್ತರಾಗಿ ಹೋದ ಮೇಲೆ ಕೃಪಾಕರ ಅಯ್ಯನವರು ಬಂದರು. ಮೂವತ್ತೆರಡು ವರ್ಷ, ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಬಹಳ ಮರ್ಯಾದಸ್ಥರು. ಎಷ್ಟು ಮರ್ಯಾದೆ ಅಂದರೆ ಶನಿವಾರ ನಾನು ಏನು ಹೇಳಿದರೂ, "ನಿಮಗೆ ಸರಿ ಅನ್ನಿಸಿದ್ರೆ ನನಗೂ ಸರಿ, ಲೋಯಿಸಮ್ಮನವರೇ" ಅನ್ನುವರು. ನಾನೂ ಸುಮ್ಮನಿರಲಿಲ್ಲ, ಹೊಸಬರು, ಯಾಕೆ ನೋಯಿಸಬೇಕು ಅಂತ, "ನೀವು ಹೇಳಿದ ಹಾಗೇ ಆಗಲಿ ಅಯ್ಯನವರೇ" ಅನ್ನುತ್ತಿದ್ದೆ. ನಾಲ್ಕು ತಾಸಿನ ಕೆಲಸ ಅರ್ಧ ತಾಸಿಗೆ ಮುಗಿದುಹೋಗುತ್ತಿತ್ತು. ಭಾನುವಾರ ಬಂದರೆ ಪ್ರಸಂಗದ ತುಂಬ ತೂತು. "ಪ್ರಿಯರೇ" ಅನ್ನುವುದು ಕೇಳಿಸುತ್ತಿತ್ತು, ಆಮೇಲೆ ಒಂದಷ್ಟು ತುಟಿಯಾಟ, ಮತ್ತೆ ಎಲ್ಲೋ "ಆಮೆನ್". ಸಭಿಕರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ಇವತ್ತು ಎಷ್ಟು ಮಾತು ಬಿತ್ತು ಎಂದು ಲೆಕ್ಕ ಮಾಡಿಕೊಂಡು ನಗುತ್ತಿದ್ದರು. ಈ ವಯಸ್ಸಿನಲ್ಲಿ ನನ್ನ ದನಿ ಹೋಯಿತೇ, ಅವರದು ಹೋಯಿತೇ ಎಂದು ಗೊತ್ತಾಗದೆ ನಿದ್ದೆ ಕೆಡಿಸಿಕೊಂಡೆ.

ಹೀಗಿರುವಾಗ ಪೆರ್ಸಿಸ್ ಅಯ್ಯನವರಿಗೆ ಹೇಳಿಕಳಿಸಿದಳು.

ಪೆರ್ಸಿಸ್ ಯಾರು ಅಂತ ಹೇಳಬೇಕಲ್ಲ. ನಾನೂ ಅವಳೂ ಒಂದೇ ವರ್ಷ ಸೇವೆಗೆ ಇಳಿದವರು. ಆಸ್ಪತ್ರೆಯ ವಾರ್ಡುಗಳಲ್ಲಿ, ಹೆಂಗಸರ ಕೂಟಗಳಲ್ಲಿ ಹಾಡಿ ಪ್ರಾರ್ಥಿಸುತ್ತಿದ್ದ ಜೋಡಿ ನಮ್ಮದು. ಅವಳು ಬಾಯಿ ತೆರೆಯುವ ಮೊದಲೇ ನನಗೆ ಮಾತು ಗೊತ್ತಾಗಿರುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ನಮ್ಮವ್ವ ತೀರಿಕೊಂಡಾಗ, ಸಮಾಧಿಯ ಹತ್ತಿರ ಕಡೆಯ ನಾಲ್ಕು ಮಾತು ಹೇಳಬೇಕಾದವರು ನಾವಿಬ್ಬರೇ. ಸತ್ತವರ ಒಳ್ಳೆಯತನ ಹೇಳದೆ ಮಣ್ಣು ಹಾಕುವುದಿಲ್ಲ, ಅದು ನಮ್ಮ ಸಭೆಯ ಕ್ರಮ. ನಾನು ರಾತ್ರಿಯೆಲ್ಲ ಅಳುತ್ತಾ ಬರೆದ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಓದಿದಳು. ಓದಿ, ಮಡಚಿ, ನನ್ನ ಕೈಯಲ್ಲೇ ವಾಪಸು ಇಟ್ಟು, ಗೇಟು ದಾಟಿ ಹೊರಟುಹೋದಳು. ಇನ್ನೂರು ಜನರ ಎದುರಿಗೆ ನಾನೊಬ್ಬಳೇ ಬಾಯಿ ಆಡಿಸಿದೆ. ಇನ್ನೊಬ್ಬರನ್ನು ಹುಡುಕುವಷ್ಟರಲ್ಲಿ ಮಳೆ ಬಂತು, ಗುಂಡಿಗೆ ನೀರು ಇಳಿಯತೊಡಗಿತು. ನಮ್ಮವ್ವ ಮಾತಿಲ್ಲದೆ ಮಣ್ಣಿಗೆ ಹೋದಳು.

ಜೊತೆಯವರನ್ನು ನಡುವೆ ಬಿಟ್ಟುಹೋಗುವುದು ನಮ್ಮೂರಿನಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಸಭೆಯ ಹಿರಿಯರು ಕೂತು, ತಪ್ಪು ಒಪ್ಪಿಕೊಳ್ಳುವವರೆಗೆ ಅವಳಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವಿಲ್ಲ ಎಂದು ತೀರ್ಮಾನಿಸಿದರು. ಅವಳು ಒಪ್ಪಿಕೊಳ್ಳಲಿಲ್ಲ, ಯಾಕೆ ಹೋದೆ ಎಂದು ಹೇಳಲೂ ಇಲ್ಲ. ಭಾನುವಾರ ತಪ್ಪದೆ ಬಂದು ಕಟ್ಟಕಡೆಯ ಬೆಂಚಿನಲ್ಲಿ ಕೂರುವಳು, ಮೇಜಿನ ಮೇಲೆ ರೊಟ್ಟಿ ಇಟ್ಟ ಕೂಡಲೇ ಎದ್ದು ಹೋಗುವಳು. ನಾನು ಅವಳ ಬೆನ್ನು ನೋಡುತ್ತಿದ್ದೆ. ನೋಡಿ ನನಗೆ ಸಂತೋಷವಾಗುತ್ತಿತ್ತು. ಅಯ್ಯನವರ ಪಕ್ಕದಲ್ಲಿ ನಿಂತು ಕ್ಷಮೆಯ ವಿಚಾರ ಊರಿಗೆಲ್ಲ ಹೇಳುವ ನನಗೆ, ಹೌದು, ಸಂತೋಷವೇ ಆಗುತ್ತಿತ್ತು.

ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಾಕ್ಟರು ಒಂದು ತಿಂಗಳು ಅಂದಿದ್ದರು. ಸಾಯುವ ಮುಂಚೆ ಒಂದು ಸಲ ಮೇಜಿಗೆ ಬರಬೇಕು ಎಂದು ಅವಳು ಕೇಳಿಕೊಂಡಳಂತೆ. ಕೃಪಾಕರ ಅಯ್ಯನವರ ಕಣ್ಣಲ್ಲಿ ನೀರು. ನಮ್ಮಲ್ಲಿ ಭೋಜನ ಮೂರು ತಿಂಗಳಿಗೊಮ್ಮೆ, ಅದು ಬರುವ ಭಾನುವಾರವೇ ಇತ್ತು. ಅಂದೇ ಮರಳಿ ಸೇರಿಸಿಕೊಳ್ಳುವ ವಾಕ್ಯ ಹೇಳಿಬಿಡೋಣ ಎಂದರು. ಆ ವಾಕ್ಯ ಸಭೆಗೆ ಪೂರ್ತಿ ಕೇಳಿಸಬೇಕು. ಒಂದು ಮಾತು ಬಿದ್ದರೂ ಸೇರಿಸಿಕೊಂಡ ಹಾಗಲ್ಲ, ಮುಂದಿನ ಭೋಜನದವರೆಗೆ ಕಾಯಬೇಕು. ಅವಳ ಹತ್ತಿರ ಮೂರು ತಿಂಗಳು ಎಲ್ಲಿತ್ತು?

ಶನಿವಾರ ಕೂತೆವು. ಅಯ್ಯನವರು ಪುಸ್ತಕ ನೋಡಿ ಓದಿದರು: "ತಪ್ಪಿಹೋದ ಈ ಸಹೋದರಿಯನ್ನು ನಾವು ಮನಃಪೂರ್ವಕವಾಗಿ ಕ್ಷಮಿಸಿ, ಒಂದೇ ಮೇಜಿಗೆ ಮರಳಿ ಸೇರಿಸಿಕೊಳ್ಳುತ್ತೇವೆ." ಆಮೇಲೆ ನನ್ನ ಕಡೆ ನೋಡಿ, "ನಿಮಗೇನಾದ್ರೂ ಅಭ್ಯಂತರ ಇದೆಯಾ?" ಎಂದರು.

"ಏನೂ ಇಲ್ಲ" ಎಂದೆ.

"ನಿಮಗೂ ಅವರಿಗೂ ಹಿಂದೆ ಏನೋ..."

"ಅದೆಲ್ಲ ಹಳೇದು ಅಯ್ಯನವರೇ. ಮರೆತೇಬಿಟ್ಟಿದೀನಿ."

ಅವರು ಸಮಾಧಾನಪಟ್ಟು ಪುಸ್ತಕ ಮುಚ್ಚಿದರು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ನಾನು ಹೊರಗೆ ಬಂದು ಅವರ ಕಾಂಪೌಂಡಿನ ಗೋಡೆ ಹಿಡಿದು ನಿಂತೆ. ನಾಳೆ "ಕ್ಷಮಿಸಿ" ಅನ್ನುವ ಕಡೆ ದನಿ ಬೀಳುತ್ತದೆ, ಬಿದ್ದೇ ಬೀಳುತ್ತದೆ. ಯಾರಿಂದ ಬಿತ್ತು ಎಂದು ಕೂಸಿಗೂ ಗೊತ್ತಾಗುತ್ತದೆ. ಇಪ್ಪತ್ತಾರು ವರ್ಷ ನಿಂತ ಜಾಗದಲ್ಲಿ ನನ್ನ ಬಣ್ಣ ಬಯಲಾಗುತ್ತದೆ. ಅದಕ್ಕಿಂತ, ಅವಳು ನನ್ನಿಂದಾಗಿ ಆ ರೊಟ್ಟಿ ತಿನ್ನದೆ ಸಾಯುತ್ತಾಳೆ. ಇವೆರಡರಲ್ಲಿ ಮೊದಲನೆಯದಕ್ಕೇ ನಾನು ಹೆಚ್ಚು ಹೆದರಿದ್ದೆ. ಸುಳ್ಳು ಯಾಕೆ ಹೇಳಲಿ.

ಬಲವಂತವಾಗಿಯಾದರೂ ಮನಸ್ಸು ಮಾಡಿಕೊಳ್ಳೋಣ, ಒಂದು ಸಲ ಮುಖ ನೋಡಿದರೆ ಕರುಣೆ ಹುಟ್ಟೀತು ಎಂದುಕೊಂಡು ಮಧ್ಯಾಹ್ನ ಅವಳ ಮನೆಗೆ ಹೋದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಪೆರ್ಸಿಸ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಾಲು ಊದಿಕೊಂಡಿತ್ತು, ಮುಖ ಇಷ್ಟೇ ಇಷ್ಟಾಗಿತ್ತು.

"ಬಂದೆಯಾ ಲೋಯಿ" ಎಂದಳು. "ಕೂತ್ಕೋ. ನಾಳೆ ದನಿ ಬರುತ್ತೋ ಇಲ್ಲವೋ ಅಂತ ಭಯ ಆಗಿ ಬಂದಿದೀಯ."

ಅವಳ ಮುಂದೆ ಮುಚ್ಚುಮರೆ ಮಾಡಿ ಪ್ರಯೋಜನವಿರಲಿಲ್ಲ. "ಹೂಂ" ಎಂದೆ. "ಯಾಕೆ ಹೋದೆ ನೀನು? ಅದೊಂದು ಹೇಳಿಬಿಡು. ನಮ್ಮವ್ವ ನಿನಗೇನು ಮಾಡಿದ್ದಳು?"

ಅವಳು ನನ್ನನ್ನೇ ಕೇಳಿದಳು: "ನಿನ್ನ ಚೀಟಿಯಲ್ಲಿ ಏನು ಬರೆದಿದ್ದೆ, ನೆನಪಿದೆಯಾ?"

ನೆನಪಿಲ್ಲದೆ ಏನು. ಯಾರನ್ನೂ ಬೇರೆ ಎಂದು ಕಾಣದೆ, ಬಂದವರನ್ನೆಲ್ಲ ತನ್ನವರೆಂದು ಉಣಿಸಿದ ತಾಯಿ.

"ನಿಮ್ಮ ಹಿತ್ತಲ ಗೋಡೆ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಬೋರಲು ಹಾಕಿರ್ತಿತ್ತು" ಎಂದಳು ಪೆರ್ಸಿಸ್. "ಏಳು ವರ್ಷ ನಾನು ಅದರಲ್ಲೇ ಕಾಫಿ ಕುಡಿದೆ. ಕುಡಿದು, ತೊಳೆದು, ಅಲ್ಲೇ ಇಡ್ತಿದ್ದೆ. ನಿಮ್ಮವ್ವ ಕೆಟ್ಟವಳು ಅಂತಲ್ಲ. ಆದರೆ ಆ ಮಾತು ನನ್ನ ಬಾಯಲ್ಲಿ ಸುಳ್ಳಾಗ್ತಿತ್ತು. ಅಲ್ಲಿ ನಿಂತಿದ್ದರೆ ಸರಿಯಾಗಿ ಆ ಕಡೆಗೆ ದನಿ ಬೀಳ್ತಿತ್ತು. ಇನ್ನೂರು ಜನ ಯಾಕೆ ಬಿತ್ತು, ಯಾಕೆ ಬಿತ್ತು ಅಂತ ಕೆದಕೋರು. ಹೆಣ ಇನ್ನೂ ಮಣ್ಣಿಗಿಟ್ಟಿಲ್ಲ. ನಿನ್ನ ಮುಖ ಬೇರೆ ಹಾಗಿತ್ತು. ಅದಕ್ಕೇ ಹೋದೆ. ಬೈದರೆ ನನ್ನನ್ನು ಬೈಯಲಿ ಅಂತ."

ಆ ಲೋಟ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಎಷ್ಟು ಸಲ ನಾನೇ ಅದಕ್ಕೆ ಕಾಫಿ ಹೊಯ್ದಿದ್ದೇನೆ, ಪಾತ್ರೆಗೆ ತಾಗದ ಹಾಗೆ, ಮೇಲಿಂದ. ಅವಳು ಯಾವ ಕೇರಿಯವಳು ಎಂದು ಗೊತ್ತಿತ್ತು, ಯಾಕೆ ಬೇರೆ ಲೋಟ ಎಂದು ಗೊತ್ತಿತ್ತು. ಆಮೇಲೆ ನಾವಿಬ್ಬರೂ ಆಸ್ಪತ್ರೆಗೆ ಹೋಗಿ, ಎಲ್ಲರೂ ಒಂದೇ ತಂದೆಯ ಮಕ್ಕಳು ಎಂದು ಜೋಡಿಯಾಗಿ ಹಾಡುತ್ತಿದ್ದೆವು. ಆಗೆಲ್ಲ ದನಿ ಹೇಗೆ ಬರುತ್ತಿತ್ತೋ.

"ಆಗಲೇ ನನಗೆ ಹೇಳಬಾರದಿತ್ತಾ?" ಎಂದೆ.

"ನೀನು ಕೇಳಬಾರದಿತ್ತಾ?" ಎಂದಳು.

ಮನೆಗೆ ಬಂದು ಊಟ ಮಾಡಲಿಲ್ಲ. ಈಗ ಅವಳ ಮೇಲೆ ಸಿಟ್ಟಿರಲಿಲ್ಲ, ಎಲ್ಲ ಒಂದೇ ಏಟಿಗೆ ಇಳಿದುಹೋಗಿತ್ತು. ಆದರೂ ಭಯ ಇಳಿಯಲಿಲ್ಲ, ಎರಡು ಪಟ್ಟಾಯಿತು. ತಪ್ಪಿಹೋದ ಈ ಸಹೋದರಿ ಎಂದು ಈಗ ನಾನು ಹೇಗೆ ಹೇಳಲಿ? ಅಯ್ಯನವರು ಹಾಗೆಂದೇ ನಂಬಿದ್ದಾರೆ. ಅವರಿಗೆ ಹೋಗಿ ಹೇಳಬೇಕು, ಈಗಲೇ ಹೇಳಬೇಕು. ಹೇಳಿದರೆ ನಮ್ಮವ್ವನ ಹೆಸರು ಹೋಗುತ್ತದೆ. ಎರಡು ಸಲ ಚಪ್ಪಲಿ ಮೆಟ್ಟಿದೆ, ಎರಡು ಸಲ ಬಿಟ್ಟೆ. ಬೆಳಗ್ಗೆ ಬೇಗ ಹೋಗಿ ಹೇಳುತ್ತೇನೆ ಎಂದುಕೊಂಡೆ. ಬೆಳಗ್ಗೆ ಹೋದರೆ ಅಯ್ಯನವರ ಸುತ್ತ ನಾಲ್ಕೈದು ಜನ ಹಿರಿಯರು ನಿಂತಿದ್ದರು. ಸಭೆಯ ಕಾರ್ಯದರ್ಶಿ ಆಶೇರಪ್ಪನವರು, "ವಾಕ್ಯ ಚಿಕ್ಕದು, ಗಟ್ಟಿಯಾಗಿ ಹೇಳಿಬಿಡಿ ಲೋಯಿಸಮ್ಮ" ಎಂದು ನಕ್ಕರು. ನಾನೂ ನಕ್ಕೆ. ನನ್ನ ಪುಕ್ಕಲುತನಕ್ಕೆ ಏನೆನ್ನಬೇಕೋ.

ದೇವಾಲಯ ತುಂಬಿತ್ತು. ಪೆರ್ಸಿಸಳನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹಾಡು ಮುಗಿಯಿತು. ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸ. ಅಯ್ಯನವರು ನನ್ನ ಕಡೆ ತಲೆಯಾಡಿಸಿದರು, ಇಬ್ಬರೂ ಶುರುಮಾಡಿದೆವು. ತುಟಿ ಆಡಿತು. ಶಬ್ದವಿಲ್ಲ. ಮೊದಲ ಮಾತೇ ಹೊರಡಲಿಲ್ಲ.

ಎರಡನೇ ಸಲ. ಇಲ್ಲ. ಬೆಂಚುಗಳಲ್ಲಿ ಸರಬರ ಶುರುವಾಯಿತು. ಯಾರೋ ಯಾರಿಗೋ ಮೊಣಕೈಯಲ್ಲಿ ತಿವಿದರು, ಎಲ್ಲರ ಕಣ್ಣೂ ನನ್ನ ಮೇಲೆ. ಮೂರನೇ ಸಲ "ನಾವು" ಎನ್ನುವುದೊಂದು ಕೇಳಿಸಿತು, ಮುಂದೆ ಮತ್ತೆ ಮೌನ. ಆಶೇರಪ್ಪನವರು ಮುಂದೆ ಹೋಗಿ, ಮುಂದೆ ಹೋಗಿ ಎಂದು ಕೈಸನ್ನೆ ಮಾಡಿದರು. ಪೆರ್ಸಿಸ್ ತಲೆ ತಗ್ಗಿಸಿಕೊಂಡು ಕುರ್ಚಿಯ ಕೈಗಳನ್ನು ಹಿಡಿದಳು. ಎದ್ದು ಹೋಗಲು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಹತ್ತೊಂಬತ್ತು ವರ್ಷ ಅದೇ ಅಭ್ಯಾಸ ಅವಳಿಗೆ.

ಅಯ್ಯನವರು ನನ್ನ ಕಿವಿಯ ಹತ್ತಿರ ಬಾಗಿದರು. ಕಿವಿಮಾತಿಗೆ ನಮ್ಮೂರಿನಲ್ಲಿ ಅಡ್ಡಿಯಿಲ್ಲ. ಹಣೆಯಲ್ಲಿ ಬೆವರು. "ನನ್ನ ತಪ್ಪು ಲೋಯಿಸಮ್ಮನವರೇ" ಎಂದರು. "ಬಂದಾಗಿನಿಂದ ನಿಮ್ಮನ್ನು ಕಂಡರೆ ನನಗೆ ಭಯ. ಹನೋಕ್ ಅಯ್ಯನವರ ಹಾಗೆ ನನಗೆ ಬರಲ್ಲ ಅಂತ ನೀವು ಅಂದ್ಕೋತೀರಿ ಅಂತ. ನೀವು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಅರ್ಧ ನಾನು ಒಪ್ಪಿರಲೇ ಇಲ್ಲ. ಈ ವಾಕ್ಯನೂ ಅಷ್ಟೇ, ಆ ತಾಯಿ ಏನು ತಪ್ಪು ಮಾಡಿದರು ಅಂತಲೇ ನನಗೆ ಗೊತ್ತಿಲ್ಲ."

ನನಗೆ ಅಳು ಬಂದುಬಿಟ್ಟಿತು. ಇಷ್ಟು ದಿನ ಇವರು ನನಗೆ ಹೆದರಿ, ನಾನು ಇವರಿಗೆ ಹೆದರಿ, ಒಬ್ಬರನ್ನೊಬ್ಬರು ಜೋಪಾನ ಮಾಡುತ್ತಾ ಸಭೆಯನ್ನು ಕಿವುಡು ಮಾಡಿದ್ದೆವು. ಇನ್ನೂರು ಜನರ ಎದುರಿಗೇ, ಅವರ ಅಂಗಿಯ ತೋಳು ಹಿಡಿದುಕೊಂಡು, ಕಿವಿಯಲ್ಲಿ ಎಲ್ಲ ಹೇಳಿದೆ. ಚೀಟಿ ಹೇಳಿದೆ, ಗೂಡು ಹೇಳಿದೆ, ಲೋಟ ಹೇಳಿದೆ, ಮೇಲಿಂದ ಹೊಯ್ದ ಕಾಫಿ ಹೇಳಿದೆ. ನಿನ್ನೆ ಸುಳ್ಳಾಡಿದ್ದನ್ನೂ ಹೇಳಿದೆ. ಸಭೆ ಕಾಯುತ್ತಿತ್ತು, ಕಾಯಲಿ. ಶನಿವಾರದ ಕೆಲಸ ಭಾನುವಾರ ಮಾಡುತ್ತಿದ್ದೆವು.

ಅಯ್ಯನವರು ಹಣೆಯ ಬೆವರು ಒರೆಸಿಕೊಂಡರು. ಆಮೇಲೆ, "ನಾನು ಓದುವಾಗ ಊಟಕ್ಕೆ ಹೋಗ್ತಿದ್ದ ಮನೆಯಲ್ಲಿ ನನಗೂ ಒಂದು ತಟ್ಟೆ ಬೇರೆ ಇತ್ತು. ವಿಶ್ವಾಸಿಗಳ ಮನೆಯೇ" ಎಂದರು. "ಯಾರಿಗೂ ಹೇಳಿಲ್ಲ ಇದುವರೆಗೆ."

"ಹಾಗಾದರೆ ಏನು ಹೇಳೋಣ?"

"ಇದ್ದದ್ದು ಹೇಳೋಣ" ಎಂದರು.

ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಮತ್ತೆ ನಾಲ್ಕು ಮಾತು ಕಿವಿಯಲ್ಲೇ ಕೂಡಿಸಿಕೊಂಡೆವು. ಒಂದು ಮಾತಿಗೆ ನಾನು ಬೇಡ ಎಂದೆ, ಒಂದಕ್ಕೆ ಅವರು ಬೇಡವೇ ಬೇಡ ಎಂದರು. ಅವರು ನನಗೆ ಬೇಡ ಎಂದದ್ದು ಅದೇ ಮೊದಲು. ಆಮೇಲೆ ಇಬ್ಬರೂ ಸಭೆಯ ಕಡೆ ತಿರುಗಿ ಹೇಳಿದೆವು.

"ತಪ್ಪಿದ್ದು ಪೆರ್ಸಿಸ್ ಅಲ್ಲ. ಲೋಯಿಸಳ ಮನೆಯಲ್ಲಿ ಅವಳಿಗೆ ಬೇರೆ ಲೋಟ ಇತ್ತು. ನಮ್ಮ ಇನ್ನೂ ಎಷ್ಟೋ ಮನೆಗಳಲ್ಲಿ ಇತ್ತು. ಅದನ್ನು ಸಮಾಧಿಯ ಹತ್ತಿರ ಹೇಳಬಾರದೆಂದು ಅವಳು ಹೊರಟುಹೋದಳು, ನಾವು ಅವಳನ್ನೇ ಹೊರಗಿಟ್ಟೆವು. ಪೆರ್ಸಿಸ್, ನಮ್ಮನ್ನು ನಿನ್ನ ಮೇಜಿಗೆ ಸೇರಿಸಿಕೋ."

ಒಂದು ಅಕ್ಷರವೂ ಬೀಳಲಿಲ್ಲ. ಎಷ್ಟು ಗಟ್ಟಿಯಾಗಿ ಕೇಳಿಸಿತೆಂದರೆ ನನಗೇ ನನ್ನ ದನಿಯ ಗುರುತು ಹತ್ತಲಿಲ್ಲ. ಆಶೇರಪ್ಪನವರು ಕೆಂಪಗಾಗಿ ಎದ್ದು ನಿಂತು ಏನೋ ಹೇಳಿದರು, ತುಟಿ ಆಡಿತಷ್ಟೇ. ಜೊತೆಗೆ ಯಾರಾದರೂ ಏಳುತ್ತಾರೇನೋ ಎಂದು ಅತ್ತಿತ್ತ ನೋಡಿದರು. ಪಕ್ಕದವರು ಸೂರು ನೋಡುತ್ತಿದ್ದರು, ಅವರ ಪಕ್ಕದವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. ಆಶೇರಪ್ಪನವರು ಕೂತರು.

ಈಗ ಪೆರ್ಸಿಸ್ ಉತ್ತರ ಕೊಡಬೇಕಿತ್ತು. ಕೊಡದಿದ್ದರೆ ಯಾರೂ ಮೇಜಿಗೆ ಬರುವ ಹಾಗಿರಲಿಲ್ಲ, ನಾನಂತೂ ಮೊದಲೇ ಇಲ್ಲ. ಅವಳು ಕುರ್ಚಿ ಹಿಡಿದು ಎದ್ದಳು. ಬಾಯಿ ತೆರೆದಳು. ಒಂಟಿ ಬಾಯಿ, ಕೇಳಿಸಲಿಲ್ಲ. ತುಂಬಿದ ಸಭೆ ಅವಳ ತುಟಿಗಳನ್ನೇ ನೋಡುತ್ತಿತ್ತು, ಅವಳು ಒಬ್ಬಳೇ ನಿಂತು ತೂಗಾಡುತ್ತಿದ್ದಳು.

ನಾನು ಮೆಟ್ಟಿಲು ಇಳಿದು ಹೋಗಿ ಅವಳ ಸೊಂಟ ಹಿಡಿದು ನಿಂತೆ. ಮೈಯಲ್ಲಿ ಜ್ವರ ಕಾಯುತ್ತಿತ್ತು. "ಏನು ಹೇಳಬೇಕು ಅಂತಿದೀಯ, ಹೇಳು" ಎಂದೆ ಕಿವಿಯಲ್ಲಿ. "ಏನಾದರೂ ಆಗಲಿ, ಹೇಳ್ತೀನಿ."

"ಕ್ಷಮಿಸಿದೀನಿ ಅಂತ ಹೇಳಕ್ಕೆ ನನಗೆ ಇನ್ನೂ ಆಗ್ತಾ ಇಲ್ಲ ಲೋಯಿ" ಎಂದಳು. "ಪ್ರಯತ್ನ ಮಾಡಿದೆ. ಸುಳ್ಳಾಗುತ್ತೆ."

"ಬೇಡ ಬಿಡು. ಅದನ್ನ ನಾನೂ ಹೇಳಲಾರೆ. ಅದನ್ನ ನಾನು ನಿನ್ನ ಬಾಯಲ್ಲಿ ಹಾಕಲಾರೆ."

"ಮತ್ತೇನು ಹೇಳಲಿ?"

"ನಿಜವಾಗಿ ಏನಿದೆ ನಿನಗೆ ಈಗ?"

ಅವಳು ಮೇಜಿನ ಕಡೆ ನೋಡಿದಳು. ಹತ್ತೊಂಬತ್ತು ವರ್ಷ ಎದ್ದು ಹೋಗುತ್ತಿದ್ದುದು ಆ ರೊಟ್ಟಿ ಬಂದಾಗಲೇ. ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು. ನಾನು ಬೆಳಗ್ಗೆಯೂ ತಿಂದಿರಲಿಲ್ಲ, ಹಿಂದಿನ ರಾತ್ರಿಯೂ ತಿಂದಿರಲಿಲ್ಲ. ಆದರೆ ಅವಳು ಹೇಳಿದ್ದು ಆ ಹಸಿವಲ್ಲ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು.

ಇಬ್ಬರೂ ತಲೆಯೆತ್ತಿದೆವು.

"ನಮಗೆ ಹಸಿವಾಗಿದೆ" ಎಂದೆವು.

ಕಟ್ಟಕಡೆಯ ಬೆಂಚಿನವರೆಗೂ ಕೇಳಿಸಿತು. ಕೃಪಾಕರ ಅಯ್ಯನವರು ರೊಟ್ಟಿಯನ್ನು ಎತ್ತಿಕೊಂಡು, ಮುರಿಯುತ್ತಾ, ನಮ್ಮ ಕಡೆಗೆ ಇಳಿದು ಬಂದರು.